ಬರುತ್ತೇನೆ ಎನ್ನದ ದೊರೆ

ಸುಳ್ಳು ಹೇಳಲು ಬಾರದ ಮನುಷ್ಯನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಎಂಥ ಗಂಡಾಂತರ ಅಂತ ನಿಮಗೆ ಗೊತ್ತೆ? ನಮಗೆ ಗೊತ್ತು. ಪೂರಾ ಒಂದು ತಿಂಗಳು ಇಟ್ಟುಕೊಂಡಿದ್ದೆವು.

ಊರಿಗೆ ಟೀವಿ ಬರುವುದಕ್ಕೆ ಮುಂಚಿನ ಮಾತು. ತೆಂಗಿನ ಗರಿ ತಿನ್ನುವ ಹುಳು ನೋಡಲು ಇಂಗ್ಲೆಂಡಿನ ದೊರೆಯೊಬ್ಬ ತುರುವೇಕೆರೆ ಪಕ್ಕದ ನಮ್ಮೂರಿಗೆ ಬಂದು, ನಮ್ಮ ಮನೆಯ ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ ಬಿಡಾರ ಹೂಡಿದ. ಹುಳು ನೋಡಿದ್ದು ಎರಡು ದಿನ. ಮಿಕ್ಕಿದ್ದೆಲ್ಲ ನಾಮಕರಣ, ಮದುವೆ, ಕಬಡ್ಡಿ, ಬೋರನಕಣಿವೆ ಜಲಾಶಯದಲ್ಲಿ ಈಜು. ಕರೆದ ಕಡೆಗೆಲ್ಲ ಹೋಗುತ್ತಿದ್ದ. ಕರೆಯದ ಕಡೆಗೆ ನಾನು ಕರೆದುಕೊಂಡು ಹೋಗುತ್ತಿದ್ದೆ. ದೊರೆಯ ಪಕ್ಕ ಕೂತರೆ ನನ್ನ ಎಲೆಗೂ ಎರಡು ಒಬ್ಬಟ್ಟು ಜಾಸ್ತಿ ಬೀಳುತ್ತಿತ್ತು, ನೋಡಿ.

ಅವನದು ಪುಸ್ತಕದಿಂದ ಕಲಿತ ಕನ್ನಡ. ಮೊದಲ ದಿನ ತೋಟಕ್ಕೆ ಹೊರಡುವಾಗ ಕೈಮುಗಿದು, "ಅಜ್ಜಿಯವರೇ, ನಾನು ಹೋಗುತ್ತೇನೆ" ಅಂದ. ಅಜ್ಜಿಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ನಮ್ಮ ಕಡೆ ಹೋಗುವುದು ಹೆಣ ಮಾತ್ರ. ಬದುಕಿರುವವರು 'ಬತ್ತೀನಿ' ಅಂತಲೇ ಹೊರಡುವುದು.

"ಬುಡ್ತು ಅನ್ನಪ್ಪ, ಬುಡ್ತು ಅನ್ನು. ಬತ್ತೀನಿ ಅನ್ಬೇಕು ಕಣಪ್ಪ."

"ಆದರೆ ನಾನು ಹೋಗುತ್ತಿದ್ದೇನೆ."

"ಸಂಜೆಗೆ ಬರಕಿಲ್ವಾ?"

ದೊರೆ ಯೋಚಿಸಿದ. "ಬರುತ್ತೇನೆ."

ಅವತ್ತಿನಿಂದ ಅವನದೊಂದು ಕಾನೂನಾಯಿತು. ವಾಪಸ್ಸು ಬರುವ ಮನೆಗೆ 'ಬರುತ್ತೇನೆ', ಬಾರದ ಮನೆಗೆ 'ಹೋಗುತ್ತೇನೆ'. ಪೋಸ್ಟ್‌ಮಾಸ್ತರ ಮೊಮ್ಮಗನ ನಾಮಕರಣದಲ್ಲಿ ತೊಟ್ಟಿಲಿಗೆ ಬಗ್ಗಿ, "ಮಗುವೇ, ನಾನು ಹೋಗುತ್ತೇನೆ. ಇನ್ನು ಬರುವುದಿಲ್ಲ" ಅಂದುಬಿಟ್ಟ. ಹೆಂಗಸರೆಲ್ಲ ಎದೆ ಹಿಡಿದುಕೊಂಡು, ಅಪಶಕುನ ಕಳೆಯಲಿ ಅಂತ, "ಬುಡ್ತು ಅನ್ನಿ ಸ್ವಾಮಿ" ಅಂದರು. ಅಂದ. ಅಂದವನು ಪಾಕೆಟ್ ಪುಸ್ತಕದಲ್ಲಿ ಬರೆದುಕೊಂಡ: 'ಬುಡ್ತು: ಹೊರಡುವಾಗ ಹೇಳುವ ಶುಭಾಶಯ.'

ಮುಂದಿನ ವಾರ ಕೆಂಕೆರೆಯ ಮದುವೆಯಲ್ಲಿ ವಧೂವರರ ಮೇಲೆ ಅಕ್ಷತೆ ಹಾಕಿ, ಗಟ್ಟಿಯಾಗಿ, "ಬುಡ್ತು" ಅಂದ. ಪುರೋಹಿತರ ಮಂತ್ರ ನಿಂತಿತು. ಹೆಣ್ಣಿನ ಅಪ್ಪ ನನ್ನನ್ನು ನೋಡಿದ. ನಾನು ಅಡುಗೆಮನೆ ಕಡೆ ನೋಡಿದೆ.

ಇನ್ನು ಮಾಯಸಂದ್ರದ ಕಬಡ್ಡಿ. ನಾನು ತಂಡದಲ್ಲಿದ್ದೆ, ಅಂಗಿಗಳನ್ನು ಕಾಯಲು. ಕೊನೇ ಸಲ ದೊರೆ ನುಗ್ಗಿ, ಇಬ್ಬರನ್ನು ಮುಟ್ಟಿ, ಗೆರೆ ದಾಟಿ ಬಂದ. ನಾವು ಕುಣಿಯುತ್ತಿದ್ದೆವು. ಅವನು ನೆಟ್ಟಗೆ ಅಂಪೈರ್ ಹತ್ತಿರ ಹೋಗಿ, "ಕ್ಷಮಿಸಿ, ನಡುವೆ ನಾನು ಉಸಿರು ತೆಗೆದುಕೊಂಡೆ" ಅಂದ. ಯಾರೂ ಕೇಳಿರಲಿಲ್ಲ! ಗಾಬರಿಗೆ ಅಂಪೈರ್‌ಗೆ ಸೀಟಿ ಊದಲೂ ಆಗಲಿಲ್ಲ. ಸೋತೆವು.

"ಲೇ, ಮುಂದಿನ್ ಸಲ ನಿಮ್ ದೊರೆನ ತೆಂಗಿನ್ ಮರಕ್ಕೆ ಕಟ್ಟಾಕಿ ಬಾರ್ಲಾ" ಅಂದ ನಮ್ಮ ಕ್ಯಾಪ್ಟನ್.

ಇದನ್ನೆಲ್ಲ ನಾನು ದೊರೆಯ ಗಂಟಲಲ್ಲೇ ಅಭಿನಯಿಸಿದರೆ ಅಜ್ಜಿ ಕೆಮ್ಮು ಬರುವಷ್ಟು ನಗುತ್ತಿದ್ದಳು. "ಊರವರ ಗಂಟ್ಲೆಲ್ಲ ನಿನ್ ತಾವೈತೆ. ನಿನ್ ಸ್ವಂತದ್ದು ಯಾವ್ದ್ಲಾ?" ಅನ್ನುವಳು. ನನಗೂ ಗೊತ್ತಿರಲಿಲ್ಲ.

ತಿಂಗಳು ಮುಗಿಯುತ್ತ ಬಂದ ಹಾಗೆ ಅಜ್ಜಿಯ ನಗು ನಿಂತಿತು.

"ಹೊಂಡೋ ದಿನ ಅವ್ನು ಏನಂತಾನ್ಲಾ?"

"ಏನಾದ್ರೂ ಅಂದ್ಕೊಳ್ಲಿ ಬುಡಜ್ಜಿ."

"ನಿಮ್ ದೊಡ್ಡಪ್ಪ ಸಿಟ್ನಲ್ಲಿ ಹೋಯ್ತೀನಿ ಅಂತ ಹೋದ ಕಣ್ಲಾ. ಇವತ್ತಿಗೂ ಬಂದಿಲ್ಲ."

ನನಗೆ ದೊಡ್ಡಪ್ಪನೊಬ್ಬ ಇದ್ದ ಅಂತ ಗೊತ್ತಾದದ್ದೇ ಅವತ್ತು. ದೊರೆಯ ಕೋಣೆಗೆ ಹೋಗಿ ಬೇಡಿಕೊಂಡೆ: ಒಂದೇ ಒಂದು ಸುಳ್ಳು ಹೇಳು ಮಾರಾಯ. ಅವನು ಬಟ್ಟೆ ಮಡಿಸುವುದನ್ನು ನಿಲ್ಲಿಸಿದ.

"ನನಗೆ ಮತ್ತೆ ಬರಲು ಆಗುವುದಿಲ್ಲ. ಬರುತ್ತೇನೆ ಎಂದರೆ ಅವರು ಕಾಯುತ್ತಾರೆ."

ಮರುದಿನ ಬೆಳಿಗ್ಗೆ ಹೊಸ್ತಿಲ ಬಳಿ ಅಜ್ಜಿಗೆ ಕೈಮುಗಿದ. ಬಾಯಿ ತೆರೆದ. ಮುಚ್ಚಿದ. 'ಹೋಗುತ್ತೇನೆ' ಅಂತಲೂ ಅನ್ನಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ತಿಪಟೂರಿನ ಬಸ್ಸು ಹತ್ತಿದ.

ಬಸ್ಸಿನ ಧೂಳು ಇಳಿದರೂ ಅಜ್ಜಿ ಒಳಗೆ ಬರಲಿಲ್ಲ. ಹೊಸ್ತಿಲು ಹಿಡಿದು ರಸ್ತೆ ನೋಡುತ್ತ ನಿಂತೇ ಇದ್ದಳು. ನಾನು ಅವಳ ಹಿಂದೆ, ಕಂಬದ ಮರೆಗೆ ನಿಂತು, ಕತ್ತು ನೀಳ ಮಾಡಿ, ಅವನದೇ ಗಂಟಲಲ್ಲಿ ಅಂದೆ:

"ಅಜ್ಜಿಯವರೇ, ನಾನು ಬರುತ್ತೇನೆ."

ಅಜ್ಜಿ ತಿರುಗಿ ನೋಡಲಿಲ್ಲ.

"ಹೂಂ, ಹೋಗ್ಬಾರಪ್ಪ" ಅಂದಳು ರಸ್ತೆಗೆ. "ಬಿಸ್ಲು ಏರೋದ್ರೊಳಗೆ ಬಂದ್ಬುಡು."

ಯಾರಿಗೆ ಅಂದಳೋ, ನಾನು ಕೇಳಲಿಲ್ಲ.