ಮೀನಿಗೊಂದು ಗವಿ ಕಟ್ಟಿದ್ದು

ಮೀನಿನ ತೊಟ್ಟಿಯೊಳಗೆ ಗವಿ ಕಟ್ಟುವುದು ಮಹಾ ವಿದ್ಯೆಯೇನಲ್ಲ ಎಂದುಕೊಂಡಿದ್ದೆ. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಹಿಮಾಲಯವನ್ನೇ ಪಾಠ ಮಾಡುವವನಿಗೆ ಒಂದು ಪುಟ್ಟ ಗವಿ ಯಾವ ಲೆಕ್ಕ?

ಗಾಜಿನ ಆ ತೊಟ್ಟಿ ನನ್ನ ಭಾವಮೈದುನನದು. ಮೈಸೂರಿನಿಂದ ವರ್ಗವಾದಾಗ, "ಹೊಸ ಊರಲ್ಲಿ ಮನೆ ಸಿಕ್ಕಿದ ಕೂಡಲೇ ತಗೊಂಡು ಹೋಗ್ತೀನಿ ಭಾವ, ಜೋಪಾನ!" ಎಂದು ನಾಲ್ಕು ಕೆಂಪು ಮೀನುಗಳ ಸಮೇತ ನಮ್ಮ ಪಡಸಾಲೆಯಲ್ಲಿಟ್ಟು ಹೋಗಿದ್ದ. ಒಳಗೆ ಬರೀ ನೀರು. ಮೀನುಗಳ ಮೇಲೆ ನನಗೆ ಕನಿಕರ ಹುಟ್ಟಿತು. ಹೂಗ್ಯಂ ಕಡೆ ಹೋದಾಗ ಹಳ್ಳದಿಂದ ಒಂದು ಚೀಲ ಕಲ್ಲು ತಂದೆ. ಬಚ್ಚಲಿಗೆ ಹಾಕಿ ಉಳಿದಿದ್ದ ಸಿಮೆಂಟು ಕಲಸಿದೆ.

"ಮೀನುಗಳೇನಾದ್ರೂ ಮನೆ ಕೇಳಿದ್ವಾ?" ಎಂದಳು ಹೆಂಡತಿ ಗೌರಿ.

"ನಿನಗೆ ಕಲಾಭಿರುಚಿ ಇಲ್ಲ."

ಗವಿ ಭವ್ಯವಾಗಿ ಎದ್ದಿತು. ಮುಂದೊಂದು ಬಾಗಿಲು, ಹಿಂದೊಂದು ಕೋಣೆ! ಹಸಿಯಿರುವಾಗಲೇ ಮುಳುಗಿಸಿದೆ. ಬೆಳಿಗ್ಗೆ ನೋಡಿದರೆ ತೊಟ್ಟಿಯಲ್ಲಿ ಅಕ್ಕಿ ತೊಳೆದಂಥ ನೀರು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ಗೌರಿ ಅವನ್ನು ತಪ್ಪಲೆಗೆ ಹಾಕಿ ಉಳಿಸಿದಳು. ಸಿಮೆಂಟಿನ ಸುಣ್ಣ ಬಿಡುವವರೆಗೂ ಗವಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಮತ್ತೆ ಪ್ರತಿಷ್ಠಾಪಿಸಿ ಮೀನುಗಳನ್ನು ಬಿಟ್ಟೆ. ಗಳಿಗೆಗೊಮ್ಮೆ ಟಾರ್ಚ್ ಹಿಡಿದು ನನ್ನ ಕೈಚಳಕ ನೋಡಿ ಹಿಗ್ಗಿದೆ.

ಆಮೇಲೆ ಮೀನುಗಳು ಒಂದೊಂದಾಗಿ ಮಾಯವಾದವು!

ಮೊದಲ ಅನುಮಾನ ಬೆಕ್ಕಿನ ಮೇಲೆ. ಆದರೆ ತೊಟ್ಟಿಗೆ ಹಲಗೆ ಮುಚ್ಚಿತ್ತು. ಬೆಕ್ಕು ಖುಲಾಸೆ. ಎರಡನೆಯ ಅನುಮಾನ ಪಕ್ಕದ ಮನೆಯ ರೇಷ್ಮೆ ವ್ಯಾಪಾರಿ ಮಹದೇವಪ್ಪನವರ ಮೇಲೆ. ದಿನಾ ಬೆಳಿಗ್ಗೆ ಪೇಪರ್ ಓದಲು ನಮ್ಮಲ್ಲಿಗೆ ಬರುತ್ತಿದ್ದರು. ಪೇಪರ್ ಓದುವವರ ಮೂಗು ತೊಟ್ಟಿಯ ಗಾಜಿಗೇಕೆ ತಾಗಬೇಕು? ನಾಲ್ಕನೆಯದೂ ಕಾಣೆಯಾದ ದಿನ ಅವರ ಟವಲ್ ಬೇರೆ ಒದ್ದೆ. ಸಾಕ್ಷಿ ಸಿಕ್ಕಿತು!

"ಮಹದೇವಪ್ಪನೋರೇ, ಮೀನುಗಳು ಏನಾದವು?" ಎಂದೆ, ನ್ಯಾಯಾಧೀಶನ ದನಿಯಲ್ಲಿ.

"ನನ್ನ ಯಾಕ್ ಕೇಳೀರಿ ಮೇಷ್ಟ್ರೇ?"

"ನಿಮ್ಮ ಟವಲ್ ಒದ್ದೆಯಾಗಿದೆ!"

"ಮೊಕ ತೊಳ್ಕಂಡ್ ಬಂದೆ ಕಣ್ರಿ!" ಅಷ್ಟರಲ್ಲಿ ಅವರಿಗೆ ಅರ್ಥವಾಯಿತು. ಮುಖ ಕೆಂಪೇರಿತು. "ಕೊಳ್ಳಲ್ಲಿ ಲಿಂಗ ಕಟ್ಕಂಡಿವ್ನಿ! ಮೀನ್ ವಾಸ್ನೆ ಬಂದ್ರೆ ಆ ಬೀದೀಗೇ ಓಗಲ್ಲ. ನಾನು ಮೀನ್ ತಿಂದ್ನಾ?"

ಒಳಗಿನಿಂದ ಗೌರಿ ಹಣೆ ಚಚ್ಚಿಕೊಳ್ಳುತ್ತಾ ಬಂದಳು. "ರೀ, ಆ ಗವಿಯೊಳಗೆ ನೋಡಿದ್ರಾ?"

"ನೋಡುವುದೇನು? ಕಟ್ಟಿದವನೇ ನಾನು!" ಎಂದು, ಅವಳ ಬಾಯಿ ಮುಚ್ಚಿಸಲು ಹಲಗೆ ಸರಿಸಿ ಎರಡೂ ಕೈ ಹಾಕಿ ಗವಿಯನ್ನು ಎತ್ತಿದೆ. ಮೇಲ್ಛಾವಣಿ ಮಾತ್ರ ಕೈಗೆ ಬಂತು. ಉಳಿದದ್ದು ಗಾಜಿನ ಮೇಲೆ ಬಿತ್ತು. ಫಳಾರ್! ಪಡಸಾಲೆಯೆಲ್ಲ ನೀರು. ಗವಿಯ ಹಿಂದಿನ ಕೋಣೆಯಲ್ಲಿ ಅಡಗಿದ್ದ ನಾಲ್ಕೂ ಮೀನುಗಳು ತೇಲಿಬಂದು ಮಹದೇವಪ್ಪನವರ ಪಾದದ ಬಳಿ ಪಟಪಟ ಬಡಿದುಕೊಂಡವು. ನಾನು ಮೇಲ್ಛಾವಣಿ ಹಿಡಿದು ನಿಂತೇ ಇದ್ದೆ. "ಶಿವ ಶಿವಾ!" ಎನ್ನುತ್ತಾ ಆ ಮನುಷ್ಯರೇ ಮುಖ ಕಿವಿಚಿಕೊಂಡು, ಒಂದೊಂದನ್ನೇ ಬರಿಗೈಯಲ್ಲಿ ಎತ್ತಿ ಗೌರಿಯ ತಪ್ಪಲೆಗೆ ಹಾಕಿದರು.

"ಗಳಿಗೆಗೊಂದ್ಸಲ ಟಾರ್ಚ್ ಬಿಟ್ಟು ಇಣುಕಿದ್ರೆ ಅವು ಬಚ್ಚಿಟ್ಕೊಳ್ದೆ ಇನ್ನೇನ್ ಮಾಡ್ತವೆ?" ಎಂದಳು ಗೌರಿ.

ಮೀನುಗಳು ಮಹದೇವಪ್ಪನವರ ಹಿತ್ತಿಲಿನ ಕಲ್ಲು ತೊಟ್ಟಿ ಸೇರಿದವು. ಭಾವಮೈದುನ ಬಂದವನು ಒಡೆದ ಗಾಜನ್ನೂ ನನ್ನನ್ನೂ ನೋಡಿ, "ಅಲ್ಲೇ ಇರ್ಲಿ ಭಾವ, ಸುಖವಾಗಿವೆ" ಎಂದ.

ಮಹದೇವಪ್ಪನವರು ನನ್ನನ್ನು ಕ್ಷಮಿಸಿ ಕಾಫಿಗೂ ಕರೆದರು. ಆದರೆ ನಾನು ಹಿತ್ತಿಲಿಗೆ ಕಾಲಿಡುತ್ತಲೇ ಅಡ್ಡ ನಿಂತರು.

"ಜೇಬಲ್ಲಿ ಏನದೆ ತೋರ್ಸಿ ಮೇಷ್ಟ್ರೇ."

ತೋರಿಸಿದೆ. ಸೀಮೆಸುಣ್ಣದ ಒಂದು ತುಂಡು.

"ಸುಣ್ಣ!" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅದ್ನ ಬಾಗ್ಲಾಚೆ ಮಡಗ್ಬುಟ್ಟು ಬನ್ನಿ. ಕೈಯ ಬೆನ್ನಿಂದೆ ಕಟ್ಕಂಡು ದೂರದಿಂದ ನೋಡಿ!"

ಕಟ್ಟಿಕೊಂಡೆ. ನೋಡಿದೆ. ನನ್ನನ್ನು ಕಂಡು ನಾಲ್ಕೂ ಮೀನುಗಳು ತಳಕ್ಕಿಳಿದವು!