ಕಿಟಕಿಯ ಸೀಟು ಮತ್ತು ಮುಜುಗರ

ಮುಜುಗರ ಎಂಬ ಪದಕ್ಕೆ ಅರ್ಥ ಹೇಳುವುದರಲ್ಲಿ ನಾನು ಸೋತವನು. ಸೇಡಂನಲ್ಲಿ ಕನ್ನಡ ಮಾಸ್ತರನಾಗಿದ್ದೂ, ಮಕ್ಕಳು ಕೇಳಿದಾಗ 'ನಾಚಿಕೆ ಅಂತ ಬರೆದುಕೊಳ್ಳಿ' ಎಂದು ಜಾರಿಕೊಳ್ಳುತ್ತಿದ್ದೆ. ನಾಚಿಕೆ ಮದುಮಗಳಿಗೂ ಆಗುತ್ತದೆ, ಅದಕ್ಕೊಂದು ಚೆಂದವಿದೆ. ಮುಜುಗರಕ್ಕೆ ಯಾವ ಚೆಂದವೂ ಇಲ್ಲ. ಕಿವಿ ಬಿಸಿಯಾಗುತ್ತದೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಇದು ನನಗೆ ಸ್ಪಷ್ಟವಾದದ್ದು ಮೊನ್ನೆ, ಚಿಂಚೋಳಿ ಬಸ್ಸಿನಲ್ಲಿ.

ನಾದಿನಿಯ ಹೊಸ ಮನೆಯ ಪೂಜೆಗೆ ಹೊರಟಿದ್ದೆವು. ಹೆಂಡತಿ ಸುಧಾಳಿಗೆ ಮೊಣಕಾಲು ನೋವು. ಬಸ್ಸು ಬಂದೊಡನೆ, "ಇವತ್ತ ನನಗ ನಿಂದರಲಿಕ್ಕೆ ಆಗಂಗಿಲ್ಲರಿ. ಚೀಲದಾಗ ಟವೆಲ್ ಅದ, ಲಗೂನ ಹಾಕ್ರಿ" ಎಂದಳು. ನಮ್ಮ ಕಡೆ ಕಿಟಕಿಯಿಂದ ಟವೆಲ್ ಹಾಕಿದರೆ ಸೀಟು ಹಾಕಿದವರದು. ಯಾರೂ ತಕರಾರು ಮಾಡುವುದಿಲ್ಲ. ಕಣ್ಣು ಕಿಟಕಿಯ ಮೇಲೆ, ಕೈ ಚೀಲದೊಳಗೆ. ಸಿಕ್ಕಿದ್ದನ್ನು ಒಳಗೆ ಎಸೆದೆ.

ನೂಕುನುಗ್ಗಲಿನಲ್ಲಿ ಹತ್ತಿ ನೋಡಿದರೆ, ಸೀಟಿನ ಮೇಲೆ ನನ್ನ ಪಟ್ಟೆಪಟ್ಟೆ ಚಡ್ಡಿ, ಲಾಡಿ ಸಮೇತ, ಅಂಗಾತ ಮಲಗಿತ್ತು. ಉಳಿದ ಸೀಟೆಲ್ಲ ಭರ್ತಿ. ಟೋಪಿಯ ಯಜಮಾನರೊಬ್ಬರು, "ಇದನ್ನ ಯಾರರ ತಗೀರಿ, ನಾ ಕುಂದರ್ತೀನಿ" ಎನ್ನುತ್ತಿದ್ದರು. ಕಂಡಕ್ಟರ್ ಕೂಗಿದ: "ಯಾರದರೀ ಈ ಚಡ್ಡಿ? ಲಗೂ ಹೇಳ್ರಿ, ಇಲ್ಲಂದ್ರ ಸೀಟು ಇವರಿಗೆ ಕೊಡ್ತೀನಿ."

ನನ್ನ ವಿದ್ಯಾರ್ಥಿಗಳ ತಾಯಂದಿರೂ ಬಸ್ಸಿನಲ್ಲಿದ್ದರು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಸುಧಾಳ ಮೊಣಕಾಲು ಹೋಗುತ್ತಿತ್ತು. ತಿರುಗಿ ನೋಡಿದೆ, ಆಕೆ ಕಂಬಿ ಹಿಡಿದು, ತುಟಿ ಕಚ್ಚಿ ನಿಂತಿದ್ದಳು. ಪಾಪ ಅನ್ನಿಸಿತು. ಏನಾದರಾಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ, "ಅದು ನಂದರೀ!" ಎಂದೆ. ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರ್ ಲಾಡಿ ಹಿಡಿದೆತ್ತಿ ಕೊಟ್ಟ. ಯಜಮಾನರು ಮರ್ಯಾದೆಯಿಂದ ಸರಿದರು. ಸುಧಾ ನನ್ನ ಕೈಯಿಂದ ಚೀಲ ಕಸಿದುಕೊಂಡು ಕೂತಳು, ಮುಖ ಕಿಟಕಿಯ ಕಡೆ.

ಗೆದ್ದೆ ಎಂದುಕೊಂಡೆ. ಮುಜುಗರವೆಂದರೆ ಇಷ್ಟೇ, ಒಮ್ಮೆ ಬಾಯಿಬಿಟ್ಟರೆ ಮುಗಿಯಿತು ಎಂದು ಮಕ್ಕಳಿಗೆ ಹೇಳುವ ಪಾಠವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅಷ್ಟರಲ್ಲಿ ಕಂಡಕ್ಟರ್ ಬಂದು ಅವಳ ಆಧಾರ್ ಕಾರ್ಡು ನೋಡಿ, "ಸರ್ ನಿಮ್ಮ ಸಂಗಟ ಏನ್ರೀ?" ಎಂದು ಕೇಳಿದ.

"ಇಲ್ಲರಿ" ಎಂದಳು ಸುಧಾ. "ಯಾರೋ ಪಾಪ, ಸೀಟು ಬಿಟ್ಟುಕೊಟ್ಟಾರ."

ಚಿಂಚೋಳಿ ಬರುವವರೆಗೂ ಚಡ್ಡಿ ಕೈಯಲ್ಲಿ ಹಿಡಿದೇ ನಿಂತಿದ್ದೆ. ಚೀಲ ಆಕೆಯ ತೊಡೆಯ ಮೇಲಿತ್ತು. ಆದರೆ ಗುರುತಿಲ್ಲದ ಹೆಂಗಸಿನ ಹತ್ತಿರ ಚೀಲ ಕೇಳುವುದು ಹೇಗೆ? ಭಾಳ ಮುಜುಗರ.