ರಾಣಿಯ ನಲ್ಲಿಗೆ ಕೈ ಹಾಕಿದ ಮೇಸ್ತ್ರಿ

"ಈವತ್ತು ಪೂರ್ತಿ ನಲ್ಲಿ, ಪೈಪು, ಟ್ಯಾಂಕು, ಈ ಮೂರು ಶಬ್ದ ನನ್ನ ಬಾಯಿಂದ ಬಂದ್ರೆ ನನ್ನನ್ನ ಮೇಸ್ತ್ರಿ ಅಂತ ಕರೀಬೇಡ!" ಎಂದು ಪ್ಲಂಬರ್ ಮೇಸ್ತ್ರಿಗಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೆಂಡತಿಯ ಮುಂದೆ ಘೋಷಿಸಿದರು.

ಅವರ ಮದುವೆಗೆ ಅಂದಿಗೆ ಇಪ್ಪತ್ತೈದು ವರ್ಷ. ಎಲ್ಲರ ಬಾಯಲ್ಲೂ ನರ್ಸಮ್ಮ ಆಗಿದ್ದ ಹೆಂಡತಿ, ಎರಡು ತಿಂಗಳು ಮೊದಲೇ ಆಸ್ಪತ್ರೆಗೆ ರಜೆ ಬರೆದುಕೊಟ್ಟು, ಒಂದೇ ದಿನದಲ್ಲಿ ಅರಮನೆಯನ್ನೂ ಕಡಲ ತೀರದ ಎರಡು ಊರುಗಳನ್ನೂ ತೋರಿಸುವ ಪ್ರವಾಸದ ಬಸ್ಸಿಗೆ ಸೀಟು ಹಿಡಿದಿದ್ದರು. ಹಳೆಯ ಅನುಭವಗಳು ಮಾತ್ರ ಚೆನ್ನಾಗಿರಲಿಲ್ಲ. ನರ್ಸಮ್ಮನ ಸ್ವಂತ ತಂಗಿಯ ಮದುವೆ ಫೋಟೋದಲ್ಲಿ ಭಾವನವರೇ ಇಲ್ಲ. ಆ ಹೊತ್ತಿಗೆ ಅವರು ಕೈತೊಳೆಯುವ ಬೇಸಿನ್ನಿನ ಕೆಳಗೆ ಅಂಗಾತ ಮಲಗಿದ್ದರು.

"ನಿಮಗೆ ನಲ್ಲೆಗಿಂತ ನಲ್ಲಿನೇ ಹೆಚ್ಚು" ಎಂದು ನರ್ಸಮ್ಮ ಅನ್ನುತ್ತಿದ್ದದ್ದು ಇವತ್ತು ನಿನ್ನೆಯಿಂದಲ್ಲ. ಹಾಗಾಗಿ ಈ ಸಲ ಘೋಷಣೆಯನ್ನು ನಂಬದೆ ಗಂಡನ ಜೇಬಿಗೇ ಕೈ ಹಾಕಿದರು. ಎರಡು ವಾಷರ್, ಒಂದು ಸುರುಳಿ ಟೇಪು, ಬೆರಳುದ್ದದ ಒಂದು ಸ್ಪ್ಯಾನರ್ ಹೊರಬಂದವು.

"ಇದೇನು?"

"ಅಭ್ಯಾಸಬಲ ಕಣೇ!"

ಅಭ್ಯಾಸಬಲವೆಲ್ಲ ನರ್ಸಮ್ಮನ ಕೈಚೀಲದ ತಳ ಸೇರಿತು.

ಅರಮನೆಯ ದರ್ಬಾರು ಹಾಲಿನಲ್ಲಿ ಮೇಸ್ತ್ರಿಗಳು ಚಿನ್ನದ ಹಾಗೆ ನಡೆದುಕೊಂಡರು. ಒಂದು ಕಡೆ ಮಾತ್ರ ಗಟ್ಟಿಯಾಗಿ ಕಣ್ಣು ಮುಚ್ಚಿ ನಿಂತಿದ್ದರು.

"ಯಾಕ್ರೀ, ತಲೆ ಸುತ್ತುತ್ತಾ?"

"ಇಲ್ಲ. ಮೇಲ್ಗಡೆ ಚಾವಣಿ ಒದ್ದೆ ಆಗಿದೆ. ನೋಡಿದ್ರೆ ತಾನೇ ಮಾತಾಡೋದು?"

ಗ್ರಹಚಾರ ಕಾದಿದ್ದದ್ದು ರಾಣಿಯ ಸ್ನಾನದ ಮನೆಯಲ್ಲಿ. ಅಮೃತಶಿಲೆಯ ತೊಟ್ಟಿ, ಅದರ ತಲೆಯ ಕಡೆ ಒಂದು ಹಿತ್ತಾಳೆ ನಲ್ಲಿ. ಅದರ ತುದಿಯಿಂದ ಟಪ್ ಎಂದು ಒಂದು ಹನಿ ಬಿತ್ತು. ಗೈಡ್ ಹುಡುಗಿ ದನಿ ತಗ್ಗಿಸಿದಳು. "ರಾಜ ಯುದ್ಧದಿಂದ ವಾಪಸ್ ಬರಲೇ ಇಲ್ಲ. ಆವತ್ತಿಂದ ರಾಣಿ ಜೊತೆ ಈ ನಲ್ಲೀನೂ ಅಳ್ತಾ ಇದೆಯಂತೆ. ಇನ್ನೂರು ವರ್ಷ ಆಯ್ತು, ಇದನ್ನ ನಿಲ್ಲಿಸೋಕೆ ಯಾರ ಕೈಲೂ ಆಗಿಲ್ಲ!"

ಗುಂಪೆಲ್ಲ "ಅಯ್ಯೋ ಪಾಪ" ಎಂದಿತು. ಮೇಸ್ತ್ರಿಗಳ ಕಿವಿಗೆ ರಾಜನೂ ಬೀಳಲಿಲ್ಲ, ರಾಣಿಯೂ ಬೀಳಲಿಲ್ಲ. 'ಯಾರ ಕೈಲೂ ಆಗಿಲ್ಲ' ಎಂಬ ಮಾತೊಂದು ನೆಟ್ಟಗೆ ಎದೆಗೆ ನಾಟಿತು.

ಗುಂಪು ಮುಂದಿನ ಕೋಣೆಗೆ ಹೋದದ್ದೇ ತಡ, ಮೇಸ್ತ್ರಿಗಳು ತೊಟ್ಟಿಗೆ ಅಡ್ಡ ಕಟ್ಟಿದ್ದ ಹಗ್ಗದ ಅಡಿ ನುಸುಳಿದರು. ಅರ್ಧ ಸುತ್ತು, ಅರ್ಧವೇ ಅರ್ಧ ಸುತ್ತು ಬಿಗಿ ಮಾಡೋಣವೆಂದು ತಿರುಗಿಸಿದರು. ನಲ್ಲಿಯ ಹಿಡಿ ಬುಡಸಮೇತ ಕೈಗೆ ಬಂತು! "ಯಾರ್ರೀ ಅದು ಒಳಗೆ?" ಎಂದು ಹೊರಗಿನಿಂದ ಕಾವಲುಗಾರನ ಗದರಿಕೆ. ಹಿಡಿ ಜೇಬಿಗಿಳಿಯಿತು. ಮೇಸ್ತ್ರಿಗಳು ಬಸ್ಸಿಗೆ ಓಡಿದರು.

ಮೊದಲ ಕಡಲೂರಿನಲ್ಲಿ ದೀಪಸ್ತಂಭ. ಬಾಗಿಲಲ್ಲೇ ಲೋಹ ಪತ್ತೆ ಮಾಡುವ ಯಂತ್ರವಿತ್ತು.

"ನೀನು ಹೋಗಿ ಬಾ, ನನಗೆ ಮಂಡಿ ನೋವು" ಎಂದರು ಮೇಸ್ತ್ರಿಗಳು.

"ನಾಲ್ಕನೇ ಮಹಡಿ ಟ್ಯಾಂಕಿಗೆ ಏಣಿ ಹಾಕ್ಕೊಂಡು ಹತ್ತೋರಿಗೆ ಮಂಡಿ ನೋವಾ?" ನರ್ಸಮ್ಮ ಗಂಡನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ, ಬೆವರಿತ್ತು. ಅವರೊಬ್ಬರೇ ಮೇಲೆ ಹತ್ತಿ, ಒಬ್ಬರೇ ಸಮುದ್ರ ನೋಡಿ, ಒಬ್ಬರೇ ಇಳಿದು ಬಂದರು.

ಎರಡನೇ ಕಡಲೂರಿನ ಕಟ್ಟೆಯ ತುದಿಯಲ್ಲಿ ಮೇಸ್ತ್ರಿಗಳು ಅತ್ತಿತ್ತ ನೋಡಿ, ಹಿಡಿಯನ್ನು ನೀರಿಗೆ ಎಸೆಯಲು ಕೈ ಎತ್ತಿದರು. ಬಲೆ ಬಿಡಿಸುತ್ತಿದ್ದ ಮೀನುಗಾರ ತಲೆ ಎತ್ತದೆ, "ಯಜಮಾನ್ರೇ, ಎಸೀಬೇಡಿ. ನಾಳೆ ನಮ್ಮ ಬಲೆಗೇ ಸಿಗುತ್ತೆ" ಎಂದ. ಎತ್ತಿದ ಕೈ ತಲೆ ಕೆರೆದುಕೊಂಡು ಕೆಳಗಿಳಿಯಿತು. ಜೇಬಿನ ಭಾರಕ್ಕೆ ಪ್ಯಾಂಟು ಒಂದು ಕಡೆ ಜಾರುತ್ತಿತ್ತು. ಮನಸ್ಸು ಎಲ್ಲ ಕಡೆಯಿಂದಲೂ ಜಾರಿತ್ತು.

ವಾಪಸ್ ಬರುವಾಗ ಗೈಡ್ ಹುಡುಗಿಯ ಫೋನು ಬಡಿದುಕೊಂಡಿತು. "ಹಲೋ... ಅರಮನೆಯಿಂದಾನಾ? ರಾಣಿ ಸ್ನಾನದ ಮನೇಲಾ? ಹೌದು, ನಮ್ಮ ಬಸ್ಸಿನವರೇ ಇರಬೇಕು. ಯಾರು ಅಂತ ಕೇಳ್ತೀನಿ ಇರಿ."

ಅವಳು ಕೇಳುವ ಮೊದಲೇ ಮೇಸ್ತ್ರಿಗಳು ಎದ್ದು ನಿಂತಿದ್ದರು. "ನಾನೇ! ನಾನು ಕಳ್ಳ ಅಲ್ಲ ತಾಯಿ, ಮೂವತ್ತು ವರ್ಷದ ಮೇಸ್ತ್ರಿ! ತಿರುಗಿಸಿದೆ, ಕೈಗೆ ಬಂತು. ತೂಕ ನೋಡಿ, ಎರಕ ನೋಡಿ! ಇನ್ನೂರು ವರ್ಷದ ಹಿತ್ತಾಳೆ. ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತೆ ಇಂಥದ್ದು!"

ಬಸ್ಸಿನವರೆಲ್ಲ ಕತ್ತು ಉದ್ದ ಮಾಡಿ ಅವರ ಕೈಯಲ್ಲಿದ್ದ ಹಿಡಿಯನ್ನು ನೋಡಿದರು. ನರ್ಸಮ್ಮ ಮಾತ್ರ ಚುಚ್ಚುಮದ್ದಿಗೆ ಮುಂಚೆ ಸೂಜಿ ನೋಡುವ ಹಾಗೆ ಗಂಡನನ್ನು ನೋಡುತ್ತಿದ್ದರು.

"ಅಂಕಲ್," ಎಂದಳು ಗೈಡ್ ಹುಡುಗಿ, "ಅಲ್ಲಿ ಯಾರದೋ ಕನ್ನಡಕ ಸಿಕ್ಕಿದೆ ಅಂತ ಫೋನ್ ಮಾಡಿದ್ದು. ಈ ಹಿಡಿ ವಾರಕ್ಕೊಂದು ಸಲ ಯಾರದಾದ್ರೂ ಕೈಗೆ ಬರುತ್ತೆ. ಹೋದ ತಿಂಗಳು ಹಾರ್ಡ್‌ವೇರ್ ಅಂಗಡಿಯಿಂದ ನಾನೇ ತಂದಿದ್ದು. ಅಡಿಯಲ್ಲಿ ಚೀಟಿ ಇನ್ನೂ ಇದೆ ನೋಡಿ."

ಚೀಟಿ ಇತ್ತು. ಮೇಸ್ತ್ರಿಗಳು ದಿನ ಬೆಳಗಾದರೆ ಗಿರಾಕಿಗಳ ಮನೆಗೆ ಹಾಕುವ ಅದೇ ಕಂಪನಿಯದು. ಬಸ್ಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕನ್ನಡಕ ತರಲು ಬಸ್ಸು ಅರಮನೆ ಮುಂದೆ ನಿಂತಾಗ, "ಹೇಗೂ ಮೇಸ್ತ್ರಿ ಇದ್ದೀರಲ್ಲ, ಒಂಚೂರು ಭದ್ರವಾಗಿ ಕೂರಿಸಿಕೊಡಿ ಅಂಕಲ್" ಎಂದಳು ಹುಡುಗಿ. ಮೇಸ್ತ್ರಿಗಳು ಹೆಂಡತಿಯ ಮುಖ ನೋಡಿದರು. ನರ್ಸಮ್ಮ ಕೈಚೀಲ ತೆರೆದು ವಾಷರ್, ಟೇಪು, ಸ್ಪ್ಯಾನರ್ ಮೂರನ್ನೂ ತೆಗೆದು ಅಂಗೈಗೆ ಹಾಕಿದರು. "ಹೋಗಿ ಬನ್ನಿ. ಇಲ್ಲದಿದ್ರೆ ನಿಮಗೆ ಊಟ ಸೇರಲ್ಲ."

ಹೋದ ಮಾನವನ್ನು ಗಳಿಸಲು ಮೇಸ್ತ್ರಿಗಳು ತಮ್ಮ ವಿದ್ಯೆಯನ್ನೆಲ್ಲ ಧಾರೆ ಎರೆದರು. ಹತ್ತೇ ನಿಮಿಷ. ಹಿಡಿ ಕಲ್ಲಿನ ಹಾಗೆ ಕೂತಿತು. ಹನಿಯೂ ನಿಂತಿತು! ಒಂದು ನಿಮಿಷ, ಎರಡು ನಿಮಿಷ, ಟಪ್ ಎನ್ನಲಿಲ್ಲ.

"ಇನ್ನೂರು ವರ್ಷದ ಅಳು, ಹತ್ತು ನಿಮಿಷದಲ್ಲಿ ಬಂದ್!" ಎಂದು ಮೇಸ್ತ್ರಿಗಳು ಮೀಸೆ ತಿರುವಿದರು.

ಹುಡುಗಿಯ ಮುಖ ಬಿಳಿಚಿತು. "ಅಯ್ಯೋ ಅಂಕಲ್! ನಿಲ್ಲಿಸಿದ್ದು ಯಾಕೆ? ಅದು ತೊಟ್ಟಿಕ್ಕಿದ್ರೇನೇ ನನ್ನ ಕಥೆ! ನಾಳೆ ಬೆಳಿಗ್ಗೆ ಎರಡು ಬಸ್ ಜನ ಬರ್ತಾರೆ, ನಾನೇನು ಹೇಳ್ಲಿ? ಮೊದಲಿನ ಹಾಗೆ ಮಾಡಿಕೊಡಿ!"

ಮೇಸ್ತ್ರಿಗಳು ಸಡಿಲಿಸಿದರೆ ಧಾರೆಯಾಗಿ ಸುರಿಯುತ್ತಿತ್ತು, ಬಿಗಿ ಮಾಡಿದರೆ ಪೂರಾ ನಿಲ್ಲುತ್ತಿತ್ತು. ಹನಿಯೊಂದು ಮಾತ್ರ ಬರಲೊಲ್ಲದು. ಅಂಗಿ ತೊಯ್ದು ತೊಪ್ಪೆಯಾಯಿತು. ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು, "ಸೋರೋ ನಲ್ಲಿ ನಿಲ್ಲಿಸೋದು ಗೊತ್ತು. ನಿಂತ ನಲ್ಲಿ ಸೋರಿಸೋದು ನಾನು ಕಲಿತಿಲ್ಲಮ್ಮ" ಎಂದರು.

ಹಗ್ಗದಾಚೆ ನಿಂತಿದ್ದ ನರ್ಸಮ್ಮ, ಆ ದಿನದಲ್ಲಿ ಮೊದಲ ಸಲ ನಗುತ್ತಾ ಹೇಳಿದರು. "ಅಷ್ಟೇ ತಾನೇ? ಎಂಟು ತಿಂಗಳ ಹಿಂದೆ ನಮ್ಮ ಅಡುಗೆಮನೆ ನಲ್ಲಿಗೆ ಏನು ರಿಪೇರಿ ಮಾಡಿದ್ರೋ, ಅದನ್ನೇ ಇದಕ್ಕೂ ಮಾಡಿಬಿಡಿ. ಇನ್ನೂ ಇನ್ನೂರು ವರ್ಷ ಹನಿ ನಿಲ್ಲಲ್ಲ!"